ಸ್ಲೊವೇನಿಯಾದಲ್ಲಿ ಅಮ್ಮನ ಜೊತೆ ಐದು ದಿನ

ಅಮ್ಮ ಶಿರಸಿಯಿಂದ ಮ್ಯೂನಿಕ್‌ನ ನಮ್ಮ ಮನೆಗೆ ಬಂದವಳೇ ಮೊದಲು ಹೇಳಿದ್ದು ಇಷ್ಟು: "ನನ್ನ ಓಡಿಸಬೇಡ ಮಾರಾಯ್ತಿ, ಕೂತು ನೋಡೋ ಹಾಗೆ ಇರಬೇಕು." ವಯಸ್ಸು 67, ಮೊಣಕಾಲು ನೋವು ಬೇರೆ. ಹಾಗಾಗಿ ಪ್ಯಾರಿಸ್, ರೋಮ್ ಪಕ್ಕಕ್ಕಿಟ್ಟು ಸ್ಲೊವೇನಿಯಾ ಅಂತ ತೀರ್ಮಾನ ಮಾಡಿದೆ. ಇಡೀ ದೇಶ ಸುಮಾರು 20,000 ಚದರ ಕಿ.ಮೀ., ಅಂದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ಎರಡರಷ್ಟು. ಜನ 21 ಲಕ್ಷ. ಇಷ್ಟರಲ್ಲೇ ಆಲ್ಪ್ಸ್ ಬೆಟ್ಟ, ಸರೋವರ, ಗುಹೆ, ಒಂದಿಷ್ಟು ಸಮುದ್ರ ಎಲ್ಲ ಇದೆ.

ವೀಸಾಕ್ಕೆ ಬೇರೆ ಓಡಾಟ ಬೀಳಲಿಲ್ಲ. ಅಮ್ಮನ ಹತ್ತಿರ ಇದ್ದ ಜರ್ಮನಿಯ ಷೆಂಗೆನ್ ವೀಸಾನೇ ಅಲ್ಲಿಗೂ ನಡೆಯುತ್ತದೆ. ದುಡ್ಡೂ ಯೂರೋನೇ. ರೈಲಿನಲ್ಲಿ ಹೋದೆವು. ರಾಜಧಾನಿ ಲ್ಯುಬ್ಲಿಯಾನಾದಲ್ಲಿ ಸ್ಟೇಷನ್ ಹತ್ತಿರವೇ ಅಡುಗೆಮನೆ ಇರುವ ಒಂದು ಮನೆ ಹಿಡಿದೆ. ಬೆಳಿಗ್ಗೆ ಹೊರಟು ಎಲ್ಲಾದರೂ ಹೋಗೋದು, ಸಂಜೆ ಅದೇ ಮನೆಗೆ ಬಂದು ಅನ್ನ ಸಾರು ಮಾಡೋದು. ದಿನಾ ಗಂಟುಮೂಟೆ ಕಟ್ಟುವ ಕೆಲಸ ಇಲ್ಲ. ವಯಸ್ಸಾದವರನ್ನು ಕರೆದುಕೊಂಡು ಹೋಗೋರಿಗೆ ನಾನು ಇದನ್ನೇ ಹೇಳುತ್ತೇನೆ. ಕಾರೂ ಬೇಕಾಗಲಿಲ್ಲ.

ಲ್ಯುಬ್ಲಿಯಾನಾದ ಹಳೇ ಪೇಟೆಗೆ ಕಾರು ಬಿಡೋದಿಲ್ಲ. ಅಮ್ಮ ನನ್ನ ಕೈ ಬಿಟ್ಟು ನಡೆದಳು. ಹೊಳೆ ದಂಡೆಯ ಬೆಂಚಿನಲ್ಲಿ ಕೂತರೆ ಪಕ್ಕದಲ್ಲೇ ಮೂರು ಸೇತುವೆ. ನಡುವಿನದು 1842ರದ್ದು. ಅದು ಸಾಲದಾದಾಗ ಕೆಡವಿ ದೊಡ್ಡದು ಕಟ್ಟುವ ಬದಲು ಯೋಝೆ ಪ್ಲೆಚ್ನಿಕ್ ಎಂಬ ವಾಸ್ತುಶಿಲ್ಪಿ ಆಚೆ ಈಚೆ ಎರಡು ಕಾಲುಸೇತುವೆ ಸೇರಿಸಿದರು. ಈ ಊರಿನಲ್ಲಿ ಅವರು ಮಾಡಿದ ಕೆಲಸ 2021ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದೆ.

ಅಲ್ಲೇ ಒಂದು ಅಂಗಡಿಯಲ್ಲಿ ಕಾಫಿ ಕೇಳಿದೆವು. ಹುಡುಗಿ "ದ್ವೆ ಕವಿ?" ಅಂದಳು. ಕಾಫಿಗೆ ಅವರು "ಕವಾ" ಅನ್ನುತ್ತಾರೆ ಅಂತ ಬೋರ್ಡಿನಲ್ಲಿ ಓದಿದ್ದೆ, ಈ "ಕವಿ" ಯಾವುದು ಅಂತ ವಿಚಾರಿಸಿದೆ. ಒಂದಾದರೆ ಕವಾ, ಎರಡಾದರೆ ಕವಿ, ಮೂರಾದರೆ ಕವೆ ಅಂತ ಬೆರಳು ಎತ್ತಿ ತೋರಿಸಿದಳು. ಅಮ್ಮನ ಮುಖ ಅರಳಿಹೋಯಿತು. "ದ್ವಿವಚನ ಕಣೇ! ರಾಮಃ ರಾಮೌ ರಾಮಾಃ!" ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು ಯೂರೋಪಿನ ಕಾಫಿ ಅಂಗಡಿಯಲ್ಲಿ ಜೀವಂತವಾಗಿ ಸಿಕ್ಕಿತ್ತು. ಆಮೇಲೆ ಐದೂ ದಿನ ಕಾಫಿ ಹೇಳಿದ್ದು ಅಮ್ಮನೇ.

ಎರಡನೇ ದಿನ ಪೊಸ್ಟೊಯ್ನಾ ಗುಹೆ, ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಗುಹೆ ಅಂದ ಕೂಡಲೇ ಯಾಣದ ಮೆಟ್ಟಿಲು ನೆನೆದು ಅಮ್ಮ ಹೆದರಿದ್ದಳು. ಆದರೆ ಇಲ್ಲಿ ಒಳಗೇ ಪುಟ್ಟ ರೈಲು ಓಡುತ್ತದೆ. 1872ರಲ್ಲಿ ಹಳಿ ಹಾಕಿದಾಗ ಗಾಡಿಯನ್ನು ಗೈಡುಗಳೇ ತಳ್ಳುತ್ತಿದ್ದರಂತೆ. ನಡೆಯುವುದು ಒಂದೂವರೆ ಕಿಲೋಮೀಟರ್ ಮಾತ್ರ. ಬೇಸಿಗೆಯಲ್ಲೂ ಒಳಗೆ ಸುಮಾರು 10 ಡಿಗ್ರಿ, ಸ್ವೆಟರ್ ಮರೆಯಬೇಡಿ. ಇಲ್ಲಿನ ಬಂಡೆ ಸುಣ್ಣಕಲ್ಲು. ಪಿವ್ಕಾ ಎಂಬ ಹೊಳೆಯ ನೀರು ಅದನ್ನು ಕರಗಿಸುತ್ತಾ ಇಷ್ಟು ದೊಡ್ಡ ಹಾಲ್‌ಗಳನ್ನು ಕೊರೆದಿದೆ. ಇಂಥ ನೆಲಕ್ಕೆ ಪ್ರಪಂಚವೆಲ್ಲ ಹೇಳುವ "ಕಾರ್ಸ್ಟ್" ಅನ್ನೋ ಹೆಸರು ಬಂದದ್ದೂ ಇಲ್ಲಿನ ಕ್ರಾಸ್ ಪ್ರಸ್ಥಭೂಮಿಯಿಂದಲೇ.

ಕೊನೆಯಲ್ಲಿ ಗಾಜಿನ ತೊಟ್ಟಿಯಲ್ಲಿ ಒಲ್ಮ್ ಎಂಬ ಪ್ರಾಣಿ ತೋರಿಸುತ್ತಾರೆ. ಗೇಣುದ್ದದ ಬಿಳಿಚಿದ ಮೈ, ಕಣ್ಣು ಕಾಣೋದಿಲ್ಲ, ವರ್ಷಗಟ್ಟಲೆ ಊಟವಿಲ್ಲದೆ ಇರಬಲ್ಲದು. ಜೋರು ಮಳೆ ಬಂದಾಗ ಗುಹೆಯಿಂದ ತೇಲಿ ಬರುತ್ತಿದ್ದ ಇವನ್ನು ಹಿಂದೆ ಜನ ಡ್ರ್ಯಾಗನ್ ಮರಿ ಅಂದುಕೊಂಡಿದ್ದರಂತೆ. ಮಂಡಿ ಗಟ್ಟಿ ಇರೋರು ಶ್ಕೊತ್ಸಿಯಾನ್ ಗುಹೆಗೆ ಹೋಗಿ. ನೆಲದಡಿಯ ಆಳವಾದ ಕಣಿವೆಯಲ್ಲಿ ಹೊಳೆ ಹರಿಯುತ್ತದೆ, ಅದರ ಮೇಲೆ ಸೇತುವೆ ದಾಟಬೇಕು. ಅದಕ್ಕೆ 500ಕ್ಕೂ ಜಾಸ್ತಿ ಮೆಟ್ಟಿಲು, ನಾವು ಬಿಟ್ಟೆವು.

ಬ್ಲೆಡ್ ಸರೋವರಕ್ಕೆ ಶನಿವಾರ ಮಧ್ಯಾಹ್ನ ಹೋಗಿದ್ದು ನನ್ನ ತಪ್ಪು. ವಿಪರೀತ ಜನ. ವಾಪಸ್ ಬಸ್ ತುಂಬಿಹೋಗಿ ಬಿಸಿಲಲ್ಲಿ ಒಂದು ಗಂಟೆ ನಿಂತೆವು, ಅಮ್ಮನ ಕಾಲು ಊದಿಕೊಂಡಿತು. ವಾರದ ಮಧ್ಯೆ, ಬೆಳಿಗ್ಗೆ ಎಂಟರೊಳಗೆ ಅಲ್ಲಿರಬೇಕು. ಸರೋವರ ಮಾತ್ರ ಚಂದವೇ ಚಂದ. ನಡುವಿನ ದ್ವೀಪಕ್ಕೆ ಪ್ಲೆತ್ನಾ ಎಂಬ ದೋಣಿ, ಅಂಬಿಗ ನಿಂತುಕೊಂಡೇ ಹುಟ್ಟು ಹಾಕುತ್ತಾನೆ. ಚರ್ಚಿಗೆ 99 ಮೆಟ್ಟಿಲು. ಅಮ್ಮ ಕೆಳಗೆ ನೀರಿನ ಪಕ್ಕ ಕೂತಳು, ನಾನು ಹೋಗಿ ಗಂಟೆ ಬಾರಿಸಿ ಬಂದೆ.

ನಾಲ್ಕನೇ ದಿನಕ್ಕೆ ಏನೂ ಇಟ್ಟುಕೊಂಡಿರಲಿಲ್ಲ. ಅಮ್ಮ ಮನೆಯಲ್ಲಿ ಆರು ಪೆಟ್ಟಿಗೆ ತುಡುವೆ ಜೇನು ಸಾಕಿದ್ದಾಳೆ. ಬ್ಲೆಡ್ ಪಕ್ಕದ ರಾಡೊವ್ಲಿಟ್ಸಾ ಊರಿನಲ್ಲಿ ಜೇನು ಸಾಕಣೆಯ ಮ್ಯೂಸಿಯಂ ಇದೆ ಅಂತ ಗೊತ್ತಾದದ್ದೇ, ಬೆಳಿಗ್ಗೆ ರೈಲು ಹತ್ತಿದೆವು. ಪ್ರವಾಸದಲ್ಲಿ ನನಗೆ ಉಳಿದದ್ದು ಇದೇ ದಿನ.

ಇಲ್ಲಿನ ರೈತರು ಜೇನುಪೆಟ್ಟಿಗೆಯ ಮುಂದಿನ ಹಲಗೆಗೆ ಚಿತ್ರ ಬರೆಸುತ್ತಿದ್ದರು. 18ನೇ ಶತಮಾನದಿಂದ ಬಂದ ಪದ್ಧತಿ. ಅಂಗೈ ಅಗಲದ ಉದ್ದನೆ ಹಲಗೆಗಳು. ಒಂದರಲ್ಲಿ ಬೇಟೆಗಾರ ಸತ್ತಿದ್ದಾನೆ, ಅವನ ಹೆಣವನ್ನು ಕಾಡುಪ್ರಾಣಿಗಳೇ ಹೊತ್ತು ಮೆರವಣಿಗೆ ಹೊರಟಿವೆ. ಅಮ್ಮ ಅದರ ಮುಂದೆ ತುಂಬ ಹೊತ್ತು ನಿಂತಳು. ಸಾಲಾಗಿ ಇಟ್ಟ ಪೆಟ್ಟಿಗೆಗಳಲ್ಲಿ ಜೇನಿಗೆ ತನ್ನ ಗೂಡು ಗುರುತು ಸಿಗಲಿ, ಯಜಮಾನನಿಗೂ ಯಾವುದು ಯಾವುದೆಂದು ತಿಳಿಯಲಿ ಅಂತ ಈ ಬಣ್ಣ.

ಆಂಟೋನ್ ಯಾನ್ಶಾ ಈ ಸೀಮೆಯವರೇ. ಚಿತ್ರಕಾರ. ಆಮೇಲೆ ಆಸ್ಟ್ರಿಯಾದ ರಾಣಿ ಮರಿಯಾ ತೆರೇಸಾ ಕಾಲದಲ್ಲಿ ವಿಯೆನ್ನಾಕ್ಕೆ ಹೋಗಿ ಜೇನು ಸಾಕಣೆ ಕಲಿಸಿದವರು. ಮೇ 20 ವಿಶ್ವ ಜೇನುದಿನ ಆದದ್ದು ಅವರ ನೆನಪಿಗೆ.

ಒಂದು ಕಡೆ ಗಾಜಿನ ಹಿಂದೆ ಜೀವಂತ ಗೂಡು ಇಟ್ಟಿದ್ದರು. ಅಮ್ಮ ಗಾಜಿಗೆ ಮೂಗು ತಾಗುವ ಹಾಗೆ ಬಗ್ಗಿ ರಾಣಿಯನ್ನು ಹುಡುಕಿದಳು, ಸಿಕ್ಕಿತು. "ಬೂದು ಬಣ್ಣ, ನಮ್ಮದಕ್ಕಿಂತ ದೊಡ್ಡದು. ನೋಡು, ಎಷ್ಟು ಸಮಾಧಾನ" ಅಂದಳು. ಕಾರ್ನಿಯೋಲನ್ ಜೇನು ಇದು, ಸೌಮ್ಯ ಸ್ವಭಾವಕ್ಕೇ ಹೆಸರಾದದ್ದು. ಇನ್ನೊಂದು ವಿಶೇಷ ಇಲ್ಲಿನ ಪೆಟ್ಟಿಗೆ. ನಮ್ಮಲ್ಲಿ ಮೇಲಿನ ಮುಚ್ಚಳ ತೆಗೆಯುತ್ತೇವೆ ಅಲ್ವಾ, ಇವರು ಕಪಾಟಿನ ಬಾಗಿಲಿನಂತೆ ಹಿಂದಿನಿಂದ ತೆರೆಯುತ್ತಾರೆ. ಹಾಗಾಗಿ ಒಂದರ ಮೇಲೊಂದು ಇಡಬಹುದು, ಸೂರಿನ ಕೆಳಗೆ ನಿಂತು ಎರಿ ಎಳೆಯಬಹುದು.

ಊಟದ ಬಗ್ಗೆ ಒಂದು ಮಾತು. ಸಸ್ಯಾಹಾರಿಗಳು "ಬ್ರೆಝ್ ಮೇಸಾ", ಅಂದರೆ ಮಾಂಸ ಇಲ್ಲದೆ, ಅಂತ ಕೇಳಲೇಬೇಕು. ಬಕ್‌ವೀಟ್ ಹಿಟ್ಟಿನ ಮುದ್ದೆಯಂಥ ಝ್ಗಾಂತ್ಸಿ ಮೇಲೂ ಹಂದಿಕೊಬ್ಬಿನ ಚೂರು ಹಾಕಿರುತ್ತಾರೆ. ಚೀಸ್ ತುಂಬಿದ ಹಿಟ್ಟಿನ ಸುರುಳಿ ಶ್ತ್ರೂಕ್ಲಿ ನಮಗೆ ಹಿಡಿಸಿತು, ಮೊಟ್ಟೆ ಇದೆಯಾ ಅಂತ ಮಾತ್ರ ವಿಚಾರಿಸಿಕೊಳ್ಳಿ.

ಅಮ್ಮ ನನ್ನ ಫೋನಿನಲ್ಲಿ ಆ ಪೆಟ್ಟಿಗೆಯ ಹಿಂಬಾಗಿಲು, ಒಳಗಿನ ಸರಳು, ಎರಿಯ ಚೌಕಟ್ಟು ಎಲ್ಲದರ ಫೋಟೋ ತೆಗೆಸಿಕೊಂಡಳು. ಊರಿಗೆ ಹೋದ ವಾರದಲ್ಲೇ ಬಡಗಿಯನ್ನು ಕರೆಸಿ ತೋರಿಸಿದ್ದಾಳೆ. ತುಡುವೆಗೆ ಅಷ್ಟು ದೊಡ್ಡದು ಬೇಡ, ಅಳತೆ ಇಳಿಸಿ ಒಂದು ಮಾಡಿಕೊಡು ಅಂದಿದ್ದಾಳಂತೆ. ಮುಂದಿನ ಹಲಗೆಗೆ ಬಣ್ಣ ಹಚ್ಚೋ ಕೆಲಸ ನನ್ನ ಮಗಳದ್ದು.