ಸೈಕಲ್‌ನ ಹಿಂದಿನ ಚಕ್ರದ ಕಟಕಟ ಸದ್ದು: ನನ್ನ ಅನುಭವ

ಬದಿಯಡ್ಕ ಕಡೆಯ ಕೆಂಪುಮಣ್ಣಿನ ದಾರಿಗಳಲ್ಲಿ ಮಳೆಗಾಲವಿಡೀ ಓಡಿಸಿದ ನನ್ನ ಸೈಕಲ್‌ನ ಹಿಂದಿನ ಚಕ್ರದಿಂದ ‘ಕಟಕ್’ ಎಂಬ ಸದ್ದು ಬರತೊಡಗಿತು. ಚೈನಿಗೆ ಎಣ್ಣೆ ಬಿಟ್ಟರೂ, ಕಡ್ಡಿಗಳನ್ನು ಬಿಗಿದರೂ, ಹೊಸ ಫ್ರೀವೀಲ್ (ಹಿಂದಿನ ಚಕ್ರದಲ್ಲಿ ಚೈನ್ ಕೂರುವ ಹಲ್ಲುಗಾಲಿ) ಹಾಕಿಸಿದರೂ ಅದು ನಿಲ್ಲಲಿಲ್ಲ. ಇಳಿಜಾರಿನಲ್ಲಿ ಪೆಡಲ್ ತುಳಿಯದಿದ್ದಾಗಲೂ ಸದ್ದು ಮುಂದುವರಿಯುತ್ತಿತ್ತು. ಚೈನ್ ನಿಂತಿರುವಾಗಲೂ ಬರುವ ಸದ್ದಿಗೆ ಚೈನ್ ಕಾರಣವಲ್ಲವೆಂಬುದನ್ನು ನಾನು ಮೊದಲೇ ಗಮನಿಸಬೇಕಿತ್ತು.

ಚಕ್ರವನ್ನು ಬಿಚ್ಚಿ, ಅಚ್ಚಿನ ಎರಡು ತುದಿಗಳನ್ನೂ ಬೆರಳುಗಳಲ್ಲಿ ಹಿಡಿದು ತಿರುಗಿಸಿದಾಗ ಮರಳು ಅರೆದಂತಹ ಒರಟುತನ ಕೈಗೆ ತಿಳಿಯಿತು. ಫ್ರೀವೀಲ್ ಕಳಚಿ, ಅಚ್ಚನ್ನು ಒಳಗಿಟ್ಟುಕೊಂಡಿರುವ ಚಕ್ರದ ನಡುಭಾಗವಾದ ಹಬ್ ಬಿಚ್ಚಿದರೆ ಗ್ರೀಸ್ ಕೆಸರಾಗಿತ್ತು, ಒಂದು ಬೇರಿಂಗ್ ಗುಂಡು ಒಡೆದಿತ್ತು, ಗುಂಡುಗಳನ್ನು ಒತ್ತಿಹಿಡಿಯುವ ಎಡಗಡೆಯ ಕೋನ್‌ನಲ್ಲಿ ಕುಳಿ ಬಿದ್ದಿತ್ತು. ಹಬ್‌ನ ಒಳಗಿನ ಬಟ್ಟಲು ನುಣುಪಾಗಿದ್ದುದರಿಂದ ಹಬ್ ಬದಲಿಸಬೇಕಾಗಲಿಲ್ಲ. ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ, ಹೊಸ ಕೋನ್ ಹಾಕಿ, ಗ್ರೀಸ್ ತುಂಬಿ, ಪ್ರತಿ ಬದಿಗೆ ಕಾಲು ಇಂಚಿನ 9 ಹೊಸ ಗುಂಡುಗಳನ್ನು ಕೂರಿಸಿದೆ, ಹಳೆಯವುಗಳೊಡನೆ ಬೆರೆಸಬಾರದು.

ಮುಖ್ಯವಾದುದು ಬಿಗಿತ. ಕೋನನ್ನು ಕೈಯಿಂದಲೇ ಅಲುಗಾಟ ನಿಲ್ಲುವವರೆಗೆ ತಿರುಗಿಸಿ, ಸ್ವಲ್ಪವೇ ಹಿಂದಕ್ಕೆ ಬಿಟ್ಟು, ತೆಳು ಸ್ಪಾನರಿನಿಂದ ಕೋನ್ ಅಲುಗದಂತೆ ಹಿಡಿದುಕೊಂಡೇ ಅದನ್ನು ಭದ್ರಪಡಿಸುವ ಲಾಕ್‌ನಟ್ ಬಿಗಿಯಬೇಕು. ಹಿಡಿಯದಿದ್ದರೆ ಕೋನೂ ಜೊತೆಗೆ ತಿರುಗಿ ಗುಂಡುಗಳನ್ನು ಅದುಮುತ್ತದೆ. ಮೂರನೆಯ ಸಲಕ್ಕೆ ಬಿಗಿತ ಸರಿಹೊಂದಿ, ಅಚ್ಚು ಅಲುಗಾಡದೆ ಹಗುರವಾಗಿ ತಿರುಗಿತು, ಸದ್ದು ನಿಂತಿತು.