ಹಳೇ ಎಂಎಕ್ಸ್-5 ಕೊಳ್ಳುವ ಮುಂಚೆ ಸಿಲ್ ತಟ್ಟಿ ನೋಡಿ

ಬ್ರಿಟನ್‌ನಲ್ಲಿ ಕಡಿಮೆ ದುಡ್ಡಿಗೆ ಟಾಪ್ ತೆಗೆಯೋ ಸ್ಪೋರ್ಟ್ಸ್ ಕಾರು ಹುಡುಕಲು ಹೊರಟವರು ಸುತ್ತಿ ಬಳಸಿ ಬಂದು ನಿಲ್ಲುವುದು ಮಾಜ್ದಾ ಎಂಎಕ್ಸ್-5 ಮುಂದೆಯೇ. ಎರಡೇ ಸೀಟು, ತೂಕ ಸುಮಾರು ಒಂದು ಟನ್, ಎಂಜಿನ್ ಗಟ್ಟಿ, ಪಾರ್ಟ್ಸ್ ಸುಲಭವಾಗಿ ಸಿಗುತ್ತವೆ. ಈ ಕಾರನ್ನು ಗುಜರಿಗೆ ಕಳಿಸುವುದು ಹೆಚ್ಚಾಗಿ ತುಕ್ಕು. ಇಲ್ಲಿ ಹೇಳುತ್ತಿರುವುದು ಮೊದಲ ಎರಡು ಮಾಡೆಲ್‌ಗಳ ಬಗ್ಗೆ: ಹೆಡ್‌ಲೈಟ್ ಮೇಲಕ್ಕೇಳುವ ಎನ್‌ಎ (1989ರಿಂದ 1997), ಅದರ ನಂತರದ ಎನ್‌ಬಿ (1998ರಿಂದ 2005).

ನಾನು ಮೊದಲು ಕೊಂಡಿದ್ದು ಒಂದು ಎನ್‌ಬಿ. ಬಣ್ಣ ಫಳಫಳ ಅನ್ನುತ್ತಿತ್ತು. ಬಗ್ಗಿ ನೋಡಿದರೆ ಕೆಳಗೆಲ್ಲ ಹೊಸದಾಗಿ ಹೊಡೆದ ಕಪ್ಪು ಅಂಡರ್‌ಸೀಲ್ (ತುಕ್ಕು ಹಿಡಿಯದಿರಲಿ ಅಂತ ಕಾರಿನ ತಳಕ್ಕೆ ಬಳಿಯುವ ದಪ್ಪ ಪದರ). ಮಾಲೀಕ ಚೆನ್ನಾಗಿ ನೋಡಿಕೊಂಡಿದ್ದಾನೆ ಅಂತ ಖುಷಿಪಟ್ಟು ದುಡ್ಡು ಕೊಟ್ಟೆ. ನಾಲ್ಕು ತಿಂಗಳ ಮೇಲೆ ಎಂಒಟಿಗೆ ಬಿಟ್ಟೆ (ನಮ್ಮೂರಿನ ಎಫ್‌ಸಿ ಥರ, ಆದರೆ ಇಲ್ಲಿ ಹಳೇ ಕಾರಿಗೆ ಪ್ರತಿ ವರ್ಷ). ಟೆಸ್ಟರ್ ಮುಂದಿನ ಚಾಸಿ ರೈಲ್ (ಕಾರಿನ ತಳದಲ್ಲಿ ಉದ್ದಕ್ಕೆ ಹೋಗುವ, ಭಾರ ಹೊರುವ ತೊಲೆ) ಮೇಲೆ ಒತ್ತಿದ. ಕಪ್ಪು ಪದರ ಹಪ್ಪಳದ ಹಾಗೆ ಮುರಿದು ಒಳಗಿಂದ ಕೆಂಪು ಪುಡಿ ಉದುರಿತು. ಅಂಡರ್‌ಸೀಲ್ ಒಳಗೆ ಲೋಹವೇ ಉಳಿದಿರಲಿಲ್ಲ. ಅವತ್ತಿನಿಂದ ಹೊಸ ಕಪ್ಪು ಬಳಿದಿರೋ ಕಾರು ಕಂಡರೆ ಮೊದಲು ಅನುಮಾನ, ಆಮೇಲೆ ಮಿಕ್ಕ ಮಾತು.

ಕಾರು ನೋಡಲು ಹೋಗುವ ಮುಂಚೆಯೇ ಅರ್ಧ ಕೆಲಸ ಮುಗಿಸಬಹುದು. ನಂಬರ್ ಪ್ಲೇಟ್ ಹಾಕಿದರೆ ಸರ್ಕಾರದ ವೆಬ್‌ಸೈಟ್‌ನಲ್ಲಿ ಹಳೇ ಎಂಒಟಿ ರಿಪೋರ್ಟ್ ಎಲ್ಲ ಪುಕ್ಕಟೆ ಸಿಗುತ್ತವೆ. ಮೂರು ವರ್ಷ ಬಿಡದೆ ಸಿಲ್‌ನಲ್ಲಿ (ಬಾಗಿಲ ಕೆಳಗೆ ಉದ್ದಕ್ಕೆ ಹೋಗುವ ಪಟ್ಟಿ) ತುಕ್ಕು ಅಂತ ಎಚ್ಚರಿಕೆ ಬರೆದು, ನಾಲ್ಕನೇ ವರ್ಷ ಆ ಮಾತೇ ಇಲ್ಲ ಅಂದರೆ ವೆಲ್ಡಿಂಗ್ ಆಗಿರಬೇಕು, ಇಲ್ಲವೇ ಮೇಲೆ ಏನೋ ಬಳಿದಿರಬೇಕು. ಮಾಲೀಕರನ್ನು ನೇರವಾಗಿ ಕೇಳಿ, ವೆಲ್ಡಿಂಗ್ ಮಾಡುವಾಗ ತೆಗೆದ ಫೋಟೋ ಇದೆಯಾ ಅಂತ. ಸರಿಯಾಗಿ ಮಾಡಿಸಿದವರು ಖಂಡಿತ ತೋರಿಸುತ್ತಾರೆ.

ಈಗ ಕಾರಿನ ಹತ್ತಿರ ಬನ್ನಿ. ನೀರು ಎಲ್ಲಿಂದ ಒಳಗೆ ಬರುತ್ತದೆ, ಎಲ್ಲಿ ನಿಲ್ಲುತ್ತದೆ ಅಂತ ಯೋಚಿಸುತ್ತಾ ನೋಡಿ. ಸಾಫ್ಟ್ ಟಾಪ್ ಮೇಲೆ ಬಿದ್ದ ಮಳೆ ನೀರು ಹಿಂದಕ್ಕೆ ಹರಿದು, ಸೀಟುಗಳ ಹಿಂದೆ ಎಡಕ್ಕೊಂದು ಬಲಕ್ಕೊಂದು ಇರುವ ಡ್ರೈನ್ ಪೈಪ್ ಮೂಲಕ ಹಿಂದಿನ ಚಕ್ರದ ಮುಂದೆ ನೆಲಕ್ಕೆ ಬೀಳಬೇಕು. ಕಾರನ್ನು ಮರದ ಕೆಳಗೆ ನಿಲ್ಲಿಸಿದರೆ ಎಲೆ, ಕಸ ಸೇರಿ ಆ ಪೈಪ್ ಕಟ್ಟಿಕೊಳ್ಳುತ್ತದೆ. ಆಗ ನೀರು ಉಕ್ಕಿ ಕಾರ್ಪೆಟ್‌ಗೆ, ಸಿಲ್ ಒಳಕ್ಕೆ ಇಳಿಯುತ್ತದೆ.  ಟಾಪ್ ಇಲ್ಲದ ಕಾರಿನಲ್ಲಿ ಬಾಡಿಯ ಬಲ ಬಹಳಮಟ್ಟಿಗೆ ಸಿಲ್ ಮೇಲೇ ನಿಂತಿರುತ್ತದೆ, ಹಾಗಾಗಿ ಅದು ಕೊಳೆತರೆ ಸುಮ್ನೆ ಅಂದದ ವಿಷಯ ಅಲ್ಲ. ಹೊರಗೆ ಗುಳ್ಳೆ ಕಾಣಿಸುವ ಹೊತ್ತಿಗೆ ಒಳಗಿನ ಪದರ ಹೋಗಿರುತ್ತದೆ.

ಅರ್ಧ ಲೀಟರ್ ನೀರಿನ ಬಾಟಲಿ ತೆಗೆದುಕೊಂಡು ಹೋಗಿ. ಟಾಪ್ ಬಿಚ್ಚಿ, ಮಾಲೀಕರಿಗೆ ಹೇಳಿ, ಡ್ರೈನ್ ಬಾಯಿಗೆ ನಿಧಾನವಾಗಿ ಸುರಿಯಿರಿ. ಕೆಳಗೆ ಸ್ನೇಹಿತರೊಬ್ಬರು ಬಗ್ಗಿ ನೋಡಲಿ. ಸುರಿದ ಕೂಡಲೇ ಧಾರೆಯಾಗಿ ಬಿದ್ದರೆ ಸರಿ. ತೊಟ್ಟಿಕ್ಕಿದರೆ, ಅಥವಾ ಬರಲೇ ಇಲ್ಲ ಅಂದರೆ ನಿಲ್ಲಿಸಿ, ಆ ಕಡೆಯ ಸಿಲ್ ಮೇಲೆ ನಿಗಾ ಜಾಸ್ತಿ ಇಡಿ.

ಸಿಲ್ ಪರೀಕ್ಷೆಗೆ ಸ್ಕ್ರೂಡ್ರೈವರ್ ಹಿಡಿ ಸಾಕು. ಮುಂದಿನಿಂದ ಹಿಂದಕ್ಕೆ ತಟ್ಟುತ್ತಾ ಹೋಗಿ. ಒಳ್ಳೇ ತಗಡು ಟಣ್ ಟಣ್ ಅನ್ನುತ್ತದೆ. ಹಿಂದಿನ ಚಕ್ರದ ಹತ್ತಿರದ ಕೊನೆಯ ಒಂದಡಿಯಲ್ಲಿ ಸದ್ದು ಥಪ್ ಅಂತ ಸತ್ತುಹೋದರೆ ಅಲ್ಲಿ ಪುಟ್ಟಿ ಇರಬಹುದು, ಕೊಳೆತಿರಬಹುದು. ತೆಳು ಬಟ್ಟೆ ಸುತ್ತಿದ ಮ್ಯಾಗ್ನೆಟ್ ಇಟ್ಟು ನೋಡಿ, ಪುಟ್ಟಿ ದಪ್ಪ ಇದ್ದರೆ ಹಿಡಿಯಲ್ಲ. (ಎನ್‌ಎ ಬಾನೆಟ್ ಅಲ್ಯೂಮಿನಿಯಂ, ಅಲ್ಲಿ ಮ್ಯಾಗ್ನೆಟ್ ಹಿಡಿಯಲಿಲ್ಲ ಅಂತ ಗಾಬರಿ ಬೇಡ.)

ಎನ್‌ಬಿ ಆದರೆ ಮುಂದಿನ ಚಾಸಿ ರೈಲ್ ನೋಡದೆ ದುಡ್ಡು ಕೊಡಲೇಬೇಡಿ. ಅಲ್ಲಿ ತಗಡು ಎರಡು ಪದರ, ನಡುವೆ ನೀರು ಸಿಕ್ಕಿಕೊಂಡು ಒಳಗಿಂದ ತಿನ್ನುತ್ತದೆ. ಜ್ಯಾಕ್ ಹಾಕಿ, ಆಕ್ಸಲ್ ಸ್ಟ್ಯಾಂಡ್ ಕೊಟ್ಟು, ಕೆಳಗಿನ ಪ್ಲಾಸ್ಟಿಕ್ ಕವರ್ ಬಿಚ್ಚಿ ನೋಡಬೇಕು. ಸಸ್ಪೆನ್ಷನ್, ಸ್ಟಿಯರಿಂಗ್, ಸೀಟ್ ಬೆಲ್ಟ್ ಕೂರುವ ಜಾಗದಿಂದ 30 ಸೆಂಟಿಮೀಟರ್ ಒಳಗೆ ತುಕ್ಕು ಜೋರಾಗಿದ್ದರೆ ಎಂಒಟಿ ಫೇಲ್. ಮಾಲೀಕರು ನೋಡಲು ಬಿಡಲ್ಲ ಅಂದರೆ ವಾಪಸ್ ಬನ್ನಿ.

ಉಳಿದದ್ದು ಬೇಗ ಮುಗಿಯುತ್ತದೆ. ಹಿಂದಿನ ವೀಲ್ ಆರ್ಚ್ (ಚಕ್ರದ ಮೇಲಿನ ಕಮಾನು) ಅಂಚಿನ ಒಳಗೆ ಬೆರಳಾಡಿಸಿ, ಕೆಸರಿನ ಗಡ್ಡೆ, ಹಕ್ಕಳೆ ಸಿಗುತ್ತವಾ ನೋಡಿ. ಡಿಕ್ಕಿಯ ಕಾರ್ಪೆಟ್ ಎತ್ತಿ, ಬ್ಯಾಟರಿ ಕೂಡ ಅಲ್ಲೇ ಇದೆ, ಸುತ್ತಮುತ್ತ ಒದ್ದೆ ಇರಬಾರದು. ಮುಂದಿನ ಫೆಂಡರ್‌ನ ಕೆಳತುದಿಯನ್ನೂ ಒತ್ತಿ ನೋಡಿ.

ಎಂಜಿನ್ ಸ್ವಲ್ಪ ಸದ್ದು ಮಾಡುತ್ತಿದೆ, ಟಾಪ್ ಹರಿದಿದೆ, ಆದರೆ ಬಾಡಿ ಗಟ್ಟಿ ಇದೆ ಅಂದರೆ ನಾನು ಕಣ್ಣುಮುಚ್ಚಿ ಆ ಕಾರನ್ನೇ ತೆಗೆದುಕೊಳ್ಳುತ್ತೇನೆ. ಎಂಜಿನ್ ಬದಲಾಯಿಸಬಹುದು, ಬಾಡಿ ಬದಲಾಯಿಸಲು ಆಗುತ್ತದಾ?

ಕೊಂಡ ಮೇಲೆ ಕಾಪಾಡುವ ಕೆಲಸ ಬೇಸಿಗೆಯಲ್ಲಿ ಮಾಡಿ. ಇಲ್ಲಿ ಚಳಿಗಾಲದಲ್ಲಿ ಹಿಮ ಕಟ್ಟದಿರಲಿ ಅಂತ ರಸ್ತೆಗೆ ಉಪ್ಪು ಹಾಕುತ್ತಾರೆ. ಮಂಗಳೂರು, ಕಾರವಾರದ ಕಡೆಯವರಿಗೆ ಉಪ್ಪು ಕಬ್ಬಿಣಕ್ಕೆ ಏನು ಮಾಡುತ್ತದೆ ಅಂತ ಹೇಳಬೇಕಾಗಿಲ್ಲ ಅಲ್ವಾ. ಮೊದಲು ಕೆಳಭಾಗ, ಆರ್ಚ್ ಒಳಗೆ ಎಲ್ಲ ಸಿಹಿನೀರಿನಲ್ಲಿ ಚೆನ್ನಾಗಿ ತೊಳೆದು, ಎರಡು ಮೂರು ದಿನ ಪೂರ್ತಿ ಒಣಗಲು ಬಿಡಿ. ಈ ಒಣಗಿಸುವುದರಲ್ಲಿ ಅವಸರ ಮಾಡಿದರೆ ನೀರನ್ನು ನಾವೇ ಒಳಗೆ ಸೀಲ್ ಮಾಡಿದ ಹಾಗೆ. ಸಡಿಲ ತುಕ್ಕನ್ನು ವೈರ್ ಬ್ರಷ್‌ನಿಂದ ಉಜ್ಜಿ ತೆಗೆದು, ರಸ್ಟ್ ಕನ್ವರ್ಟರ್ (ಉಳಿದ ತುಕ್ಕನ್ನು ಗಟ್ಟಿ ಪದರವಾಗಿಸುವ ದ್ರವ) ಹಚ್ಚಿ, ಅದರ ಮೇಲೆ ಪೇಂಟ್, ಕೊನೆಗೆ ಅಂಡರ್‌ಬಾಡಿ ವ್ಯಾಕ್ಸ್. ಒಣಗಿ ಗಟ್ಟಿಯಾಗಿ ಬಿರುಕು ಬಿಡುವ ದಪ್ಪ ಕಪ್ಪು ಅಂಡರ್‌ಸೀಲ್ ನಾನಂತೂ ಬಳಸಲ್ಲ.

ಸಿಲ್, ಚಾಸಿ ರೈಲ್ ಒಳಕ್ಕೆ ಕ್ಯಾವಿಟಿ ವ್ಯಾಕ್ಸ್ (ಒಳಗಿನ ಟೊಳ್ಳು ಜಾಗಕ್ಕೆ ಹೊಡೆಯುವ ಮೇಣ) ಬೇರೆಯೇ ಬೇಕು. ಡಿನಿಟ್ರಾಲ್, ಬಿಲ್ಟ್ ಹ್ಯಾಂಬರ್ ಕಂಪನಿಗಳದ್ದು ಸ್ಪ್ರೇ ಕ್ಯಾನ್‌ನಲ್ಲೇ ಸಿಗುತ್ತವೆ. ಉದ್ದ ಟ್ಯೂಬನ್ನು ರಬ್ಬರ್ ಮುಚ್ಚಳದ ತೂತಿನಿಂದ ಪೂರ್ತಿ ಒಳಕ್ಕೆ ತಳ್ಳಿ, ಒತ್ತಿ ಹಿಡಿದು, ನಿಧಾನವಾಗಿ ಎಳೆಯುತ್ತಾ ಬನ್ನಿ. ಕೆಳಗಿನ ತೂತುಗಳಿಂದ ವ್ಯಾಕ್ಸ್ ತೊಟ್ಟಿಕ್ಕಲು ಶುರುವಾದರೆ ಒಳಗೆ ತಲುಪಿದೆ ಅಂತ ಅರ್ಥ. ಆಮೇಲೆ ಆ ಡ್ರೈನ್ ತೂತುಗಳನ್ನು ಕಡ್ಡಿ ಹಾಕಿ ಬಿಡಿಸಿ, ವ್ಯಾಕ್ಸ್ ಕಟ್ಟಿಕೊಂಡರೆ ಮಾಡಿದ್ದೆಲ್ಲ ದಂಡ.

ಸೀಟಿನ ಹಿಂದಿನ ಡ್ರೈನ್‌ಗಳನ್ನು ಎಲೆ ಉದುರುವ ಕಾಲ ಮುಗಿದ ಕೂಡಲೇ ಸ್ವಚ್ಛ ಮಾಡಿ. ಹುಲ್ಲು ಕತ್ತರಿಸುವ ಮೆಷಿನ್‌ನ ನೈಲಾನ್ ದಾರ ಮೆಲ್ಲಗೆ ಬಿಟ್ಟರೆ ಕಸ ಸಡಿಲವಾಗುತ್ತದೆ. ಕಂಪ್ರೆಸರ್ ಗಾಳಿ ಜೋರಾಗಿ ಹೊಡೆಯಬೇಡಿ, ಪೈಪ್ ಕಳಚಿಕೊಂಡರೆ ನೀರು ಮತ್ತೆ ಸೀದಾ ಒಳಕ್ಕೇ ಹೋಗುತ್ತದೆ.