ಫ್ರೇಸ್ ಸರ್ಚ್‌ಗೆ ಜೋಡಿಪದದ ಮದ್ದು: ನನ್ನ ಅನುಭವ

ನಮ್ಮಲ್ಲಿ ಫ್ರೇಸ್ ಸರ್ಚ್, ಅಂದರೆ ಪದಗಳು ಅದೇ ಕ್ರಮದಲ್ಲಿ ಒಟ್ಟಿಗೆ ಬರುವ ಜಾಗ ಹುಡುಕುವುದು, ತೀರಾ ನಿಧಾನವಾಗಿತ್ತು. ಅದಕ್ಕೆ ಕಾಮನ್‌ಗ್ರಾಮ್ಸ್ (ಪದೇ ಪದೇ ಬರುವ ಪದವನ್ನು ಪಕ್ಕದ ಪದದ ಜೊತೆ ಜೋಡಿಸಿ ಒಂದೇ ಪದದಂತೆ ಇಡುವ ವಿಧಾನ) ಹಾಕೋಣ ಅಂದಾಗ ನಮ್ಮ ತಂಡದಲ್ಲಿ ಒಬ್ಬರೂ ಒಪ್ಪಲಿಲ್ಲ. ಇಂಡೆಕ್ಸ್ (ಯಾವ ಪದ ಎಲ್ಲೆಲ್ಲಿದೆ ಎಂಬ ಪಟ್ಟಿ) ಊದಿಕೊಳ್ಳುತ್ತೆ, ಮೊದಲು ರ‍್ಯಾಮ್ ಹೆಚ್ಚಿಸಿ ಅಂದರು. ಹೆಚ್ಚಿಸಿದ್ದಾಯಿತು. ಸರ್ವರ್ ಬಾಡಿಗೆ ಹೆಚ್ಚೂಕಮ್ಮಿ ದುಪ್ಪಟ್ಟು. ಬಂದ ರ‍್ಯಾಮೆಲ್ಲ ಜಾವಾ ಹೀಪ್‌ಗೆ (ಸರ್ಚ್ ಪ್ರೋಗ್ರಾಂ ತನಗೇ ಇಟ್ಟುಕೊಳ್ಳುವ ಮೆಮೊರಿ) ಹೋಯಿತು, ಡಿಸ್ಕ್‌ನಿಂದ ಓದಿದ್ದನ್ನು ಹಿಡಿದಿಡುವ ಪೇಜ್ ಕ್ಯಾಶ್ ಇದ್ದಷ್ಟೇ ಉಳಿಯಿತು, ಹುಡುಕಾಟ ಚೂರೂ ಚುರುಕಾಗಲಿಲ್ಲ. ಆಮೇಲೆ ಶಾರ್ಡ್ (ಇಂಡೆಕ್ಸಿನ ತುಂಡು) ಹೆಚ್ಚಿಸಿದರು. ಅದೇ ಡಿಸ್ಕ್ ಮೇಲೆ ಶಾರ್ಡ್ ಎಷ್ಟಿದ್ದರೇನು!

ನಮ್ಮದು ಸ್ಕ್ಯಾನ್ ಮಾಡಿದ ಪುಸ್ತಕಗಳ ಪಠ್ಯ, ಪುಸ್ತಕಕ್ಕೊಂದು ಡಾಕ್ಯುಮೆಂಟ್. ಸ್ಲೋ ಲಾಗ್ (ನಿಧಾನವಾದ ಹುಡುಕಾಟಗಳ ದಾಖಲೆ) ತೆಗೆದರೆ ಮೇಲೆ ಕೂತಿದ್ದವೆಲ್ಲ "ಈ ಒಂದು ಕಾರಣಕ್ಕೆ" ತರಹದವು. 'ಈ', 'ಒಂದು' ಇಲ್ಲದ ಪುಸ್ತಕವೇ ಇಲ್ಲ, ಹಾಗಾಗಿ ಡಾಕ್ಯುಮೆಂಟ್ ಮಟ್ಟದಲ್ಲಿ ಜರಡಿ ಹಿಡಿದರೂ ಏನೂ ಉದುರುವುದಿಲ್ಲ. 'ಕಾರಣಕ್ಕೆ' ಇರುವ ಪ್ರತಿ ಪುಸ್ತಕದಲ್ಲೂ ಆ ಎರಡರ ಸಾವಿರಾರು ಪೊಸಿಷನ್ (ಪದ ಬಂದ ಜಾಗ) ಬಿಚ್ಚಿ ಹೋಲಿಸಬೇಕು. ಕ್ಯಾಶ್ ಖಾಲಿಯಿದ್ದಾಗ ಎಂಟ್ಹತ್ತು ಸೆಕೆಂಡ್. (ಒಂದೇ ಕ್ವೆರಿಯನ್ನು ಮತ್ತೆ ಮತ್ತೆ ಓಡಿಸಿ 'ಫಾಸ್ಟ್ ಆಗಿದೆ' ಅನ್ನುವವರ ಲೆಕ್ಕ ನಂಬಬೇಡಿ.) ಸ್ಟಾಪ್‌ವರ್ಡ್ (ಇಂಥ ಅತಿ ಸಾಮಾನ್ಯ ಪದ) ಕಿತ್ತುಹಾಕಿ ಎಂಬ ಸಲಹೆಯೂ ಬಂತು. ಅಲ್ಲಿಗೆ ಫ್ರೇಸ್ ಸರ್ಚ್ ಕಥೆಯೇ ಮುಗಿಯಿತು.

ಸ್ಕ್ಯಾನ್ ಮಾಡಿದ ಪುಸ್ತಕಗಳ ಡಿಜಿಟಲ್ ಗ್ರಂಥಾಲಯ ಹಾಥಿಟ್ರಸ್ಟ್‌ನವರು ಪುಸ್ತಕಗಳಿಗೆ ಇದನ್ನೇ ಬಳಸಿದ್ದು ಗೊತ್ತಿತ್ತು, ಅದಕ್ಕೇ ಪಟ್ಟು ಬಿಡಲಿಲ್ಲ. ಈಗ ಇಂಡೆಕ್ಸಿನಲ್ಲಿ ಬಿಡಿಪದಗಳ ಜೊತೆ 'ಈ_ಒಂದು', 'ಒಂದು_ಕಾರಣಕ್ಕೆ' ಕೂಡ ಇವೆ. ಕ್ವೆರಿಯಲ್ಲಿ ಈ ಜೋಡಿಗಳು ಮಾತ್ರ ಹೋಗುತ್ತವೆ, ಅವುಗಳ ಪಟ್ಟಿ ಬಿಡಿಪದದ ಮುಂದೆ ತೀರಾ ಗಿಡ್ಡ. ಸರ್ಚ್ ಅನಲೈಸರ್‌ನಲ್ಲಿ (ಹುಡುಕುವ ಸಾಲನ್ನು ಪದಗಳಾಗಿ ಬಿಡಿಸುವ ಭಾಗ) ಕ್ವೆರಿ ಮೋಡ್ ಹಾಕಲು ಮರೆತರೆ ಬಿಡಿಪದಗಳೂ ಜೊತೆಗೇ ಹೋಗಿ ಮಾಡಿದ್ದೆಲ್ಲ ನೀರುಪಾಲು. ಅದೇ ಫ್ರೇಸ್ ಈಗ ಕ್ಯಾಶ್ ಖಾಲಿಯಿದ್ದರೂ ಅರ್ಧ ಸೆಕೆಂಡಿನೊಳಗೆ. ಇಂಡೆಕ್ಸ್ ಊದಿದ್ದು ನಿಜ, ಮೂರನೇ ಒಂದು ಪಾಲಿನಷ್ಟು. ಡಿಸ್ಕ್ ಅಗ್ಗ. ಹೆಚ್ಚುವರಿ ರ‍್ಯಾಮ್ ವಾಪಸ್ ಕೊಟ್ಟೆವು, ಬಾಡಿಗೆ ಮೊದಲಿನಷ್ಟಕ್ಕೇ ಇಳಿಯಿತು.

ಮಧ್ಯೆ ಎಲ್ಲ ಪದಗಳನ್ನೂ ಎರಡೆರಡಾಗಿ ಜೋಡಿಸಿ ನೋಡಿದೆ. ಓಸಿಆರ್ (ಸ್ಕ್ಯಾನ್ ಚಿತ್ರದಿಂದ ಅಕ್ಷರ ಗುರುತಿಸುವ ತಂತ್ರ) ತಪ್ಪುಗಳೂ ಜೋಡಿ ಕಟ್ಟಿಕೊಂಡು ಇಂಡೆಕ್ಸ್ ಎರಡು ಪಟ್ಟು ಮೀರಿತು. ಅಪರೂಪದ ಪದಗಳ ಫ್ರೇಸ್ ಹೇಗೂ ಬೇಗ ಸಿಗುತ್ತಿತ್ತು, ಲಾಭ ಶೂನ್ಯ.

ಎಲ್ಲ ನಿಂತಿರುವುದು ಯಾವ ಪದಗಳಿಗೆ ಜೋಡಿ ಕಟ್ಟಬೇಕು ಎಂಬ ಪದಪಟ್ಟಿಯ ಮೇಲೆ. ನನ್ನದರಲ್ಲಿ ನಾನ್ನೂರರ ಆಸುಪಾಸು. ಎಷ್ಟು ಡಾಕ್ಯುಮೆಂಟಿನಲ್ಲಿ ಇದೆ ಅನ್ನುವುದಕ್ಕಿಂತ ಒಟ್ಟು ಎಷ್ಟು ಸಲ ಬಂದಿದೆ ಅಂತ ನೋಡಿ, ಪೊಸಿಷನ್ ಭಾರ ಅದರದ್ದೇ. ಅದಕ್ಕೆ ಸ್ಲೋ ಲಾಗ್‌ನಿಂದ ನಾನು ಕೊಡುವ ಇನ್ನೊಂದು ತೂಕ ಇದೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಪಟ್ಟಿ ಬದಲಿಸಿದರೆ ಪೂರ್ತಿ ರೀಇಂಡೆಕ್ಸ್, ನೆನಪಿರಲಿ.

ಸ್ಲಾಪ್ (ಪದಗಳ ನಡುವೆ ಬೇರೆ ಪದ ಬಂದರೂ ಸರಿ ಅನ್ನುವ ಸಡಿಲಿಕೆ) ಇರುವ ಹುಡುಕಾಟಕ್ಕೆ ಜೋಡಿಗಳು ಒದಗುವುದಿಲ್ಲ. ಬಿಡಿಪದಗಳು ಅದೇ ಫೀಲ್ಡಿನಲ್ಲಿ ಇರುವುದರಿಂದ ಆ ಕ್ವೆರಿಗೆ ಸಾದಾ ಅನಲೈಸರ್ ಕೊಡುತ್ತೇನೆ. ವೇಗ ಮಾತ್ರ ಹಳೆಯದೇ.